ಎಲೆಯ ಸಾರ, ಇಲಿಯ ರಕ್ತ: ‘ಕೊಲೆಸ್ಟ್ರಾಲ್ ಶೇ. 40 ಇಳಿಯಿತು’ ಎಂಬ ಅಂಕಿ ಹುಟ್ಟುವ ಬಗೆ

ರಾಯಚೂರಿನಿಂದ ಲಿಂಗಸುಗೂರಿನ ಕಡೆ ಹೊರಟರೆ ರಸ್ತೆಬದಿಯ ಬೀಳು ನೆಲದಲ್ಲಿ ಹಳದಿ ಹೂ ಬಿಟ್ಟ ತಂಗಡಿ ಗಿಡ ಕಣ್ಣಿಗೆ ಬೀಳುತ್ತದೆ. ಕೆಲವರು ಆವರಿಕೆ ಅನ್ನುತ್ತಾರೆ. ಗಡಿ ದಾಟಿದರೆ ಅದೇ ತಂಗೇಡು, ತೆಲಂಗಾಣದ ರಾಜ್ಯಪುಷ್ಪ. ಈ ತಂಗಡಿ ಎಲೆ, ನುಗ್ಗೆ ಸೊಪ್ಪು, ಕರಿಬೇವು, ಬಿಲ್ವಪತ್ರೆ ಹೀಗೆ ಕೈಗೆ ಸಿಕ್ಕ ಎಲೆಗಳನ್ನೆಲ್ಲ ಸಾರ ತೆಗೆದು ಇಲಿಗೆ ಕುಡಿಸಿ ಕೊಲೆಸ್ಟ್ರಾಲ್ ಅಳೆದ ಪ್ರಬಂಧಗಳು ದೇಶದ ಫಾರ್ಮಸಿ ಕಾಲೇಜುಗಳಿಂದ ರಾಶಿಗಟ್ಟಲೆ ಬಂದಿವೆ. ಹೆಚ್ಚಿನವುಗಳ ಕೊನೆಯ ಸಾಲು ಒಂದೇ: ಸಾರ ಕೊಟ್ಟ ಗುಂಪಿನಲ್ಲಿ ಕೊಲೆಸ್ಟ್ರಾಲ್ ಗಣನೀಯವಾಗಿ ಇಳಿಯಿತು. ಆ ಸಾಲು ವಾಟ್ಸಾಪಿಗೆ ಬರುವಷ್ಟರಲ್ಲಿ ಇಲಿ ಮಾಯವಾಗಿ, ‘ಈ ಎಲೆ ತಿಂದರೆ ಹಾರ್ಟ್ ಅಟ್ಯಾಕ್ ಇಲ್ಲ’ ಎಂದಾಗಿರುತ್ತದೆ.

ಇಲಿಯ ಪ್ರಯೋಗ ಸುಳ್ಳಲ್ಲ. ಆದರೆ ‘ಶೇ. 40’ ಎಂಬ ಅಂಕಿ ಎಲೆಯೊಳಗೆ ಕೂತಿರುವುದಿಲ್ಲ. ಯಾವ ಎಲೆ, ಯಾವ ದ್ರಾವಕ, ಯಾವ ಪ್ರಾಣಿ, ಕೊಲೆಸ್ಟ್ರಾಲ್ ಏರಿಸಿದ್ದು ಹೇಗೆ, ಅಳೆದದ್ದು ಹೇಗೆ ಎಂಬುದೆಲ್ಲ ಸೇರಿ ಅದು ತಯಾರಾಗುತ್ತದೆ. ಎಲೆ ಏನೂ ಮಾಡದೆಯೇ ಅಂಕಿ ಇಳಿಯುವ ದಾರಿಗಳೂ ಇವೆ, ಒಂದೆರಡಲ್ಲ.

ಗಿಡದ ಹೆಸರಿನಿಂದಲೇ ತೊಡಕು

ತಂಗಡಿಯ ಶಾಸ್ತ್ರೀಯ ಹೆಸರು ಸೆನ್ನಾ ಆರಿಕ್ಯುಲೇಟಾ. ಅದರ ದಾಯಾದಿ ನೆಲಾವರಿಕೆ, ಅಂದರೆ ಸೋನಾಮುಖಿ. ಗ್ರಂಧಿಗೆ ಅಂಗಡಿಯಲ್ಲಿ ಬೇಧಿಗೆಂದು ಕೊಡುವ ಎಲೆ ಅದೇ. ‘ಆವರಿಕೆ ಎಲೆ ತನ್ನಿ’ ಎಂದು ಹೇಳಿ ಕಳಿಸಿದವರ ಕೈಗೆ ನೆಲಾವರಿಕೆ ಬಂದರೆ ಇಲಿಗಳಿಗೆ ಬೇಧಿ ಹತ್ತುತ್ತದೆ, ತೂಕ ಇಳಿಯುತ್ತದೆ, ಕರುಳಿನಿಂದ ಕೊಬ್ಬು ಹೀರುವ ಮೊದಲೇ ಹೊರಹೋಗುತ್ತದೆ. ರಕ್ತದಲ್ಲಿ ಕೊಬ್ಬು ಇಳಿದದ್ದೇನೋ ನಿಜ, ಕಾರಣ ಮಾತ್ರ ಬೇರೆ. ಅದಕ್ಕೇ ಹೂವಿನ ಸಮೇತ ಒಂದು ರೆಂಬೆಯನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಸಸ್ಯಶಾಸ್ತ್ರಜ್ಞರಿಂದ ಗುರುತು ಮಾಡಿಸಿ, ಹರ್ಬೇರಿಯಂ ನಂಬರ್ ಪಡೆದು ಇಡಬೇಕು. ಆ ನಂಬರ್ ಇಲ್ಲದ ಪ್ರಬಂಧವನ್ನು ಅಲ್ಲಿಗೇ ಮಡಚಿಟ್ಟರೂ ನಷ್ಟವಿಲ್ಲ.

ಎಲೆ ಎಲ್ಲಿ ಕಿತ್ತಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆಬದಿಯ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಕೆಂಪು ಹತ್ತುತ್ತದೆ. ತೊಳೆದರೂ ರೋಮವಿರುವ ಎಲೆಯಲ್ಲಿ ಪೂರ್ತಿ ಹೋಗುವುದಿಲ್ಲ. ಇದನ್ನು ಹಿಡಿಯಲು ಹಳೆಯ, ಅಗ್ಗದ ಪರೀಕ್ಷೆಯೊಂದಿದೆ: ಪುಡಿಯನ್ನು ಸುಟ್ಟು ಬೂದಿ ಮಾಡಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ, ಕರಗದೆ ಉಳಿದದ್ದನ್ನು ತೂಗುವುದು. ಆ ಶೇಷ ಹೆಚ್ಚಿದ್ದರೆ ಎಲೆಯ ಜೊತೆ ಮಣ್ಣು, ಮರಳೂ ತೂಕಕ್ಕೆ ಸೇರಿದೆ ಎಂದೇ ಅರ್ಥ. ಹತ್ತಿ, ಮೆಣಸಿನಕಾಯಿ ಹೊಲದ ಬದುವಿನ ಗಿಡವಾದರೆ ಧೂಳಿಗಿಂತ ಸಿಂಪಡಿಸಿದ ಔಷಧಿಯದೇ ಭಯ. ಅಂಥ ಜಾಗದ ಎಲೆ ಬೇಡವೇ ಬೇಡ.

ಒಣಗಿಸುವುದು ನೆರಳಲ್ಲಿ. ಏಪ್ರಿಲ್-ಮೇ ತಿಂಗಳ ರಾಯಚೂರಿನಲ್ಲಿ ಇದು ಸುಲಭ. ಗಾಳಿಯಾಡುವ ಕೋಣೆಯಲ್ಲಿ ತೆಳ್ಳಗೆ ಹರಡಿದರೆ ಎಲೆ ಬೇಗ ಗರಿಗರಿಯಾಗುತ್ತದೆ. ಮಳೆಗಾಲದಲ್ಲಿ ದಪ್ಪಗೆ ಹರಡಿ ಬಿಟ್ಟರೆ ಅಡಿಯ ಪದರಕ್ಕೆ ಬೂಷ್ಟು ಬರುತ್ತದೆ. ಬೂಷ್ಟಿನ ವಿಷ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಪೆಟ್ಟು ತಿಂದ ಯಕೃತ್ತು ಕೊಬ್ಬನ್ನು ರಕ್ತಕ್ಕೆ ಬಿಡಲಾರದೆ ತನ್ನಲ್ಲೇ ತುಂಬಿಕೊಳ್ಳುತ್ತದೆ. ಆಗಲೂ ರಕ್ತದ ಕೊಲೆಸ್ಟ್ರಾಲ್ ಇಳಿಯುತ್ತದೆ! ಕೊಲೆಸ್ಟ್ರಾಲ್ ಕೋಷ್ಟಕದ ಪಕ್ಕದಲ್ಲಿ ಯಕೃತ್ತಿನ ತೂಕ ಮತ್ತು ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಎಲ್‌ಟಿ, ಎಎಸ್‌ಟಿ ಕಿಣ್ವಗಳ ಅಂಕಿಗಳಿವೆಯೇ ಎಂದು ನೋಡಬೇಕಾದದ್ದು ಇದಕ್ಕೇ.

ಕಷಾಯ ಬೇರೆ, ಸಾರ ಬೇರೆ

ರೂಢಿಯ ವಿಧಾನ ಇದು. ಒಣ ಎಲೆಯನ್ನು ತರಿತರಿಯಾಗಿ ಪುಡಿ ಮಾಡಿ 40 ನಂಬರ್ ಜರಡಿ ಹಿಡಿಯಬೇಕು. ತೀರ ನುಣ್ಣಗಾದರೆ ಸೋಸುವಾಗ ಕಾಗದ ಕಟ್ಟಿಕೊಳ್ಳುತ್ತದೆ. 100 ಗ್ರಾಂ ಪುಡಿಗೆ 1 ಲೀಟರ್ ಶೇ. 70ರ ಎಥನಾಲ್ ಹಾಕಿ, ಮುಚ್ಚಿ, ಆಗಾಗ ಕಲಕುತ್ತ 72 ಗಂಟೆ ನೆನೆಸಬೇಕು. ಮೊದಲು ಮಲ್ಮಲ್ ಬಟ್ಟೆ, ಆಮೇಲೆ ವಾಟ್ಮನ್ 1ನೇ ನಂಬರ್ ಕಾಗದದಲ್ಲಿ ಸೋಸಿ, ರೋಟರಿ ಇವ್ಯಾಪರೇಟರಿನಲ್ಲಿ 40–45 ಡಿಗ್ರಿಯಲ್ಲಿ ಎಥನಾಲ್ ಹಾರಿಸಬೇಕು. ಆ ಯಂತ್ರ ಇಲ್ಲವೆಂದು ವಾಟರ್ ಬಾತ್ ಮೇಲೆ 80 ಡಿಗ್ರಿಯಲ್ಲಿ ಇಡೀ ದಿನ ಕುದಿಸಿದರೆ ಶಾಖಕ್ಕೆ ತಡೆಯದ ಅಂಶಗಳು ಸುಟ್ಟುಹೋಗುತ್ತವೆ, ಉಳಿಯುವುದು ಬೆಲ್ಲದ ಪಾಕದಂಥ ಕಪ್ಪು ಅಂಟು. ಅತ್ತ ಎಥನಾಲ್ ಪೂರ್ತಿ ಹಾರದೆ ಉಳಿದರೆ ಇಲಿಗೆ ದಿನಾ ಒಂದಿಷ್ಟು ಮದ್ಯ ಕುಡಿಸಿದಂತಾಯಿತು. ಒಂದು ತಾಸಿನ ಅಂತರದಲ್ಲಿ ಎರಡು ಸಲ ತೂಗಿದಾಗಲೂ ತೂಕ ಬದಲಾಗದಿದ್ದರೆ ಸಾರ ಒಣಗಿದಂತೆ. ಕೊನೆಗೆ 12 ಗ್ರಾಂ ಸಿಕ್ಕರೆ ಇಳುವರಿ ಶೇ. 12. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದ್ರಾವಕ ಬದಲಾದರೆ ಔಷಧಿಯೇ ಬದಲಾದಂತೆ. ಪೆಟ್ರೋಲಿಯಂ ಈಥರ್ ಮೇಣ, ಕೊಬ್ಬು, ಹಸಿರು ಬಣ್ಣ ಮತ್ತು ಸಸ್ಯ ಸ್ಟೆರಾಲ್‌ಗಳನ್ನು ಎಳೆಯುತ್ತದೆ. ಎಥನಾಲ್‌ಗೆ ಕ್ವೆರ್ಸೆಟಿನ್‌ನಂಥ ಫ್ಲೇವನಾಯ್ಡುಗಳು ಚೆನ್ನಾಗಿ ಬರುತ್ತವೆ. ನೀರಿಗೆ ಟ್ಯಾನಿನ್, ಸ್ಯಾಪೊನಿನ್, ಲೋಳೆ ಅಂಶ. ಇವುಗಳ ಕೆಲಸವೂ ಬೇರೆ ಬೇರೆ: ಸ್ಟೆರಾಲ್‌ಗಳು ಕರುಳಿನಲ್ಲಿ ಕೊಲೆಸ್ಟ್ರಾಲಿನ ಜಾಗ ಹಿಡಿದು ಅದನ್ನು ಒಳಗೆ ಬಿಡುವುದಿಲ್ಲ. ಲೋಳೆ ಮತ್ತು ಸ್ಯಾಪೊನಿನ್ ಪಿತ್ತಾಮ್ಲಗಳನ್ನು ಕಟ್ಟಿ ಮಲದಲ್ಲಿ ಹೊರಗೆ ಕಳಿಸುತ್ತವೆ, ಆ ಕೊರತೆ ತುಂಬಲು ಯಕೃತ್ತು ಕೊಲೆಸ್ಟ್ರಾಲ್ ಖರ್ಚು ಮಾಡುತ್ತದೆ. ಸಸ್ಯ ಸ್ಟೆರಾಲಿನ ವಿಷಯ ಮನುಷ್ಯರಲ್ಲೂ ಗಟ್ಟಿಯಾಗಿ ಸಾಬೀತಾದದ್ದು. ದಿನಕ್ಕೆ ಸುಮಾರು 2 ಗ್ರಾಂ ಹೋದರೆ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಶೇ. 8–10ರಷ್ಟು ಇಳಿಯುತ್ತದೆ. ಶೇ. 40 ಅಲ್ಲ ಎಂಬುದನ್ನು ಗಮನಿಸಿ. ಮನೆಯಲ್ಲಿ ಕುದಿಸುವ ಕಷಾಯ ನೀರಿನ ಸಾರ. ಎಥನಾಲ್ ಸಾರದ ಫಲಿತಾಂಶ ಓದಿ ಕಷಾಯ ಕುಡಿಯುವವರು ಆ ಪ್ರಯೋಗದಲ್ಲಿ ಬಳಸಿದ ವಸ್ತುವನ್ನು ಕುಡಿಯುತ್ತಿಲ್ಲ.

ಇಲಿಗೆ ಕೊಲೆಸ್ಟ್ರಾಲ್ ಏರುವುದೇ ಇಲ್ಲ

ಇಡೀ ವಿಷಯದ ಕೀಲು ಇಲ್ಲಿದೆ. ಇಲಿಗೆ ಪಿತ್ತಕೋಶವಿಲ್ಲ, ಪಿತ್ತ ಸದಾ ಕರುಳಿಗೆ ಹರಿಯುತ್ತಲೇ ಇರುತ್ತದೆ. ತಿಂದ ಕೊಲೆಸ್ಟ್ರಾಲನ್ನು ಅದರ ಯಕೃತ್ತು ಚಕಚಕನೆ ಪಿತ್ತಾಮ್ಲ ಮಾಡಿ ಸಾಗಿಸುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್‌ನಿಂದ ಉಳಿದ ಕಣಗಳಿಗೆ ಕೊಲೆಸ್ಟ್ರಾಲ್ ದಾಟಿಸುವ ಸಿಇಟಿಪಿ ಎಂಬ ಪ್ರೋಟೀನ್ ಮನುಷ್ಯನಿಗಿದೆ, ಮೊಲಕ್ಕಿದೆ, ಹ್ಯಾಮ್‌ಸ್ಟರ್‌ಗಿದೆ. ಇಲಿಗಿಲ್ಲ. ಹಾಗಾಗಿ ಇಲಿಯ ರಕ್ತದ ಕೊಲೆಸ್ಟ್ರಾಲಿನ ದೊಡ್ಡ ಪಾಲು ಎಚ್‌ಡಿಎಲ್‌ನಲ್ಲೇ ಇರುತ್ತದೆ, ನಮ್ಮಲ್ಲಿ ಎಲ್‌ಡಿಎಲ್‌ನಲ್ಲಿ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೋವ್ ಕೊಲೆಸ್ಟ್ರಾಲ್ ತಿನ್ನಿಸಿ ರಕ್ತನಾಳ ಕೆಡುವುದನ್ನು ತೋರಿಸಿದ್ದು ಮೊಲದಲ್ಲಿ. ಇಲಿಯನ್ನು ಹಿಡಿದಿದ್ದರೆ ಏನೂ ಕಾಣುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಪಾಠ ಜಪಾನಿನದು. ಅಕಿರಾ ಎಂಡೊ 1971ರಿಂದ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಜಾಲಾಡಿ, ಅಕ್ಕಿಗೆ ಹತ್ತುವ ನೀಲಿ-ಹಸಿರು ಬೂಷ್ಟಿನಿಂದ 1973ರಲ್ಲಿ ಕಾಂಪ್ಯಾಕ್ಟಿನ್ ಎಂಬ ವಸ್ತು ತೆಗೆದರು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ನೆಂದರೆ ‘ಹಾಳಾಯಿತು’ ಎಂದು ಬಿಸಾಡುತ್ತಾರಲ್ಲ, ಆ ಜಾತಿಯ ಬೂಷ್ಟು. ಕೊಲೆಸ್ಟ್ರಾಲ್ ಇಳಿಸಲು ಇಂದು ಡಾಕ್ಟರು ಬರೆಯುವ ಎಲ್ಲ ಸ್ಟಾಟಿನ್ ಔಷಧಿಗಳ ಮೂಲಪುರುಷ ಅದು. ಇಲಿಗೆ ಕೊಟ್ಟರು: ಕೊಲೆಸ್ಟ್ರಾಲ್ ಇಳಿಯಲಿಲ್ಲ. ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವನ್ನು ಔಷಧಿ ತಡೆದಷ್ಟೂ ಇಲಿಯ ಯಕೃತ್ತು ಅದೇ ಕಿಣ್ವವನ್ನು ಹಲವು ಪಟ್ಟು ಹೆಚ್ಚು ತಯಾರಿಸಿ ಸರಿದೂಗಿಸುತ್ತಿತ್ತು. ಮೊಟ್ಟೆ ಇಡುವ ಕೋಳಿಗೆ ಕೊಟ್ಟಾಗ ಕೊಲೆಸ್ಟ್ರಾಲ್ ಸುಮಾರು ಅರ್ಧಕ್ಕಿಳಿಯಿತು, ನಾಯಿಯಲ್ಲೂ ಇಳಿಯಿತು. ಅದೇ ಕುಲದ ಲೋವಾಸ್ಟಾಟಿನ್ 1987ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಇಲಿಯ ಮಾತನ್ನೇ ಕೇಳಿ ಕೈಬಿಟ್ಟಿದ್ದರೆ ಸ್ಟಾಟಿನ್ ಹುಟ್ಟುತ್ತಲೇ ಇರಲಿಲ್ಲ.

ಈಗ ಯಾವುದಾದರೂ ಪ್ರಬಂಧದಲ್ಲಿ ‘ನಮ್ಮ ಎಲೆಯ ಸಾರ ಅಟೊರ್ವಾಸ್ಟಾಟಿನ್ (ಒಂದು ಸ್ಟಾಟಿನ್) ಔಷಧಿಗೆ ಸರಿಸಮ’ ಎಂಬ ಸಾಲು ಕಂಡರೆ ಎಚ್ಚರದಿಂದ ಓದಿ. ಸ್ಟಾಟಿನ್ ಇಲಿಯ ಅಖಾಡಕ್ಕೆ ಒಂದು ಕೈ ಕಟ್ಟಿಸಿಕೊಂಡೇ ಇಳಿಯುವ ಪೈಲ್ವಾನ. ಅಲ್ಲಿ ಅದನ್ನು ಗೆದ್ದದ್ದಕ್ಕೆ ಹೆಚ್ಚು ಬೆಲೆಯಿಲ್ಲ.

ಹಾಗಾದರೆ ಏರಿಸುವುದು ಹೇಗೆ?

ಬಳಕೆಯಲ್ಲಿರುವ ದಾರಿ ಮುಖ್ಯವಾಗಿ ಎರಡು. ಮೊದಲನೆಯದು ತಿಂಡಿ. 1 ಕಿಲೋ ಮಾಡುವುದಾದರೆ ಮಾಮೂಲಿ ಇಲಿ ಆಹಾರದ ಪುಡಿ 835 ಗ್ರಾಂ, ಕೊಬ್ಬರಿ ಎಣ್ಣೆ 150, ಕೊಲೆಸ್ಟ್ರಾಲ್ 10, ಕೋಲಿಕ್ ಆಮ್ಲ 5 ಗ್ರಾಂ. ಕೋಲಿಕ್ ಆಮ್ಲ ಒಂದು ಪಿತ್ತಾಮ್ಲ. ಅದು ಕೊಲೆಸ್ಟ್ರಾಲ್ ಹೀರಿಕೆ ಹೆಚ್ಚಿಸುತ್ತದೆ, ಜೊತೆಗೆ ‘ಪಿತ್ತ ಸಾಕಷ್ಟಿದೆ’ ಎಂದು ಯಕೃತ್ತನ್ನು ನಂಬಿಸಿ, ಅದರ ಹೊರಹಾಕುವ ದಾರಿಯನ್ನೇ ಮುಚ್ಚುತ್ತದೆ. ಇದನ್ನು ಬಿಟ್ಟರೆ ಎಷ್ಟು ಕೊಲೆಸ್ಟ್ರಾಲ್ ತಿನ್ನಿಸಿದರೂ ಇಲಿಯಲ್ಲಿ ಅಂಕಿ ಹೆಚ್ಚು ಅಲುಗುವುದಿಲ್ಲ. ಆದರೆ ಹೀಗೆ ಪಿತ್ತಾಮ್ಲ ಸುರಿದು ಕಟ್ಟಿದ ಕಾಯಿಲೆಯಲ್ಲಿ ಪಿತ್ತಾಮ್ಲ ಕಟ್ಟುವ ಯಾವ ಸಾರವೂ ಹೀರೋ ಆಗಿಬಿಡುತ್ತದೆ. ನಮ್ಮ ಊಟದಲ್ಲಿ ಕೋಲಿಕ್ ಆಮ್ಲ ಇರುವುದಿಲ್ಲ.

ತಿಂಡಿ ಕಲಸುವುದರಲ್ಲೂ ಕೆಲಸ ಕೆಡುತ್ತದೆ. ಕೊಲೆಸ್ಟ್ರಾಲ್ ಪುಡಿಯನ್ನು ಮೊದಲು ಬೆಚ್ಚಗಿನ ಎಣ್ಣೆಯಲ್ಲಿ ಕಲಕಿ, ಆಮೇಲೆ ಹಿಟ್ಟಿಗೆ ಹಾಕಬೇಕು. ಒಣ ಹಿಟ್ಟಿಗೇ ಸುರಿದರೆ ಗಂಟುಗಂಟಾಗಿ ಒಂದು ಇಲಿಗೆ ಪೂರಾ, ಇನ್ನೊಂದಕ್ಕೆ ಏನೂ ಇಲ್ಲ. ಉಂಡೆ ಕಟ್ಟಿ 4 ಡಿಗ್ರಿಯಲ್ಲಿಟ್ಟು ವಾರಕ್ಕೊಮ್ಮೆ ಹೊಸದು ಮಾಡುವುದು ಮೇಲು. ಬಳ್ಳಾರಿಯ ಬೇಸಿಗೆಯಲ್ಲಿ ಹೊರಗಿಟ್ಟ ಎಣ್ಣೆ ತಿಂಡಿ ಬೇಗ ಕಮಟು ಬಡಿಯುತ್ತದೆ, ಕಮಟು ತಿಂಡಿಯನ್ನು ಇಲಿ ಮೂಸಿ ಬಿಡುತ್ತದೆ. ಹಳೆಯ ಪ್ರಬಂಧಗಳಲ್ಲಿ ಕೊಬ್ಬರಿ ಎಣ್ಣೆಯ ಜೊತೆ ವನಸ್ಪತಿ ಇರುತ್ತದೆ. 2022ರ ಜನವರಿಯಿಂದ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ ನಿಯಮ ಬಂದಿದೆಯಲ್ಲ, ಇಂದಿನ ಡಬ್ಬಿ ಅಂದಿನ ಡಬ್ಬಿಯಲ್ಲ. ಅದೇ ಅಳತೆ ಹಾಕಿದರೂ ಅದೇ ಫಲಿತಾಂಶ ನಿರೀಕ್ಷಿಸುವಂತಿಲ್ಲ.

ಎರಡನೆಯ ದಾರಿ ಟ್ರೈಟಾನ್ ಡಬ್ಲ್ಯುಆರ್-1339. ಇದೊಂದು ಮಾರ್ಜಕ. ಉಪವಾಸವಿಟ್ಟ ಇಲಿಯ ಹೊಟ್ಟೆಯ ಪೊರೆಯೊಳಗೆ ಕಿಲೋ ತೂಕಕ್ಕೆ 400 ಮಿಲಿಗ್ರಾಂನಂತೆ ಒಂದು ಇಂಜೆಕ್ಷನ್ ಕೊಟ್ಟರೆ, ಯಕೃತ್ತು ಬಿಟ್ಟ ಕೊಬ್ಬಿನ ಕಣಗಳನ್ನು ಕರಗಿಸುವ ಲೈಪೇಸ್ ಕಿಣ್ವ ಕೆಲಸ ನಿಲ್ಲಿಸುತ್ತದೆ. 24 ತಾಸಿಗೆ ಸೀರಮ್ ತೆಗೆದರೆ ಹಾಲಿನಂತೆ ಬೆಳ್ಳಗಿರುತ್ತದೆ. ಸುಮಾರು 48 ತಾಸಿಗೆ ತಾನಾಗಿಯೇ ಇಳಿಯತೊಡಗುತ್ತದೆ. ಎರಡು ದಿನದಲ್ಲಿ ಪ್ರಯೋಗ ಮುಗಿಯುವುದರಿಂದ ಸೆಮಿಸ್ಟರ್ ಸಾಲದವರಿಗೆ ಅಚ್ಚುಮೆಚ್ಚು. ಆದರೆ ವರ್ಷಗಟ್ಟಲೆ ಎಣ್ಣೆ ಪದಾರ್ಥ ತಿಂದು ನಿಧಾನಕ್ಕೆ ಏರಿದ ಕೊಲೆಸ್ಟ್ರಾಲಿಗೂ ಇದಕ್ಕೂ ನಂಟು ತೀರ ತೆಳು. ಮೊದಲ ಸುತ್ತಿನ ಪರೀಕ್ಷೆಗೆ ಸರಿ, ಅದರ ಮೇಲೆ ತೀರ್ಮಾನ ಕಟ್ಟುವುದು ಸರಿಯಲ್ಲ.

ಕುಡಿಸುವುದು, ತೂಗುವುದು

ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಅದರಡಿ ರಚನೆಯಾದ ಕೇಂದ್ರ ಸಮಿತಿ ಸಿಸಿಎಸ್‌ಇಎ. ಅದರಲ್ಲಿ ನೋಂದಾಯಿಸಿದ ಪ್ರಾಣಿಗೃಹ ಇರಬೇಕು, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಮೊದಲೇ ಒಪ್ಪಿರಬೇಕು. ಆಮೇಲೆ ವಿಷ ಪರೀಕ್ಷೆ: ಒಇಸಿಡಿ 423ನೇ ಮಾರ್ಗಸೂಚಿಯಂತೆ ಹಂತಕ್ಕೆ 3 ಇಲಿ, ಸಾಮಾನ್ಯವಾಗಿ ಹೆಣ್ಣು, ಕಿಲೋಗೆ 2,000 ಮಿಲಿಗ್ರಾಂವರೆಗೆ, 14 ದಿನ ನಿಗಾ. ಏನೂ ಆಗದಿದ್ದರೆ ಅದರ ಹತ್ತನೇ ಮತ್ತು ಐದನೇ ಒಂದು ಭಾಗ, ಅಂದರೆ 200 ಮತ್ತು 400 ಮಿಲಿಗ್ರಾಂ, ಪ್ರಯೋಗದ ಡೋಸ್.

200 ಗ್ರಾಂ ತೂಗುವ ಇಲಿಗೆ ಕಿಲೋಗೆ 400ರ ಲೆಕ್ಕದಲ್ಲಿ 80 ಮಿಲಿಗ್ರಾಂ ಸಾರ ಬೇಕು. ಕಿಲೋಗೆ 10 ಮಿಲಿಲೀಟರ್ ಮೀರದಂತೆ ಕುಡಿಸಬೇಕಾದ್ದರಿಂದ 2 ಮಿಲಿಲೀಟರ್‌ನಲ್ಲಿ ಅದು ಕೂರಬೇಕು: ಮಿಲಿಲೀಟರಿಗೆ 40 ಮಿಲಿಗ್ರಾಂ. ಅಂಟು ಸಾರ ನೀರಲ್ಲಿ ಕರಗದು. ಸಿಎಂಸಿ ಎಂಬ ಅಂಟುಪುಡಿಯ ಶೇ. 0.5ರ ಗಂಜಿಯಲ್ಲಿ ಅರೆದು ತೇಲಿಸಿ, ಪ್ರತಿ ಸಲ ಕಲಕಿಯೇ ಸಿರಿಂಜಿಗೆ ಎಳೆಯಬೇಕು. ಕಲಕದಿದ್ದರೆ ಮೊದಲ ಇಲಿಗೆ ತಿಳಿನೀರು, ಕೊನೆಯ ಇಲಿಗೆ ಗಸಿ. ಹೋಲಿಕೆಗೆಂದು ಸಾರ ಕೊಡದೆ ಇಟ್ಟ ಕಂಟ್ರೋಲ್ ಗುಂಪಿಗೂ ಅಷ್ಟೇ ಗಂಜಿ ಕುಡಿಸಬೇಕು, ಏಕೆಂದರೆ ಕುಡಿಸುವ ಹಿಂಸೆಯೇ ಇಲಿಯ ಹಸಿವು ಕಡಿಮೆ ಮಾಡುತ್ತದೆ. ಗುಂಡು ತುದಿಯ ಸೂಜಿ ಗಂಟಲಲ್ಲಿ ತಡೆದರೆ ಒತ್ತಕೂಡದು, ಹೊರತೆಗೆದು ಮತ್ತೆ ಹಾಕಬೇಕು. ಶ್ವಾಸನಾಳಕ್ಕೆ ಹೋದ ಒಂದೇ ಮಿಲಿಲೀಟರ್ ಇಲಿಯನ್ನು ಕೊಲ್ಲುತ್ತದೆ. ಗುಂಪಿನಲ್ಲಿ 6 ಇದ್ದದ್ದು ಕೋಷ್ಟಕದಲ್ಲಿ 4 ಆಗಿ ಕಾಣಿಸಿದರೆ, ಆ ಎರಡು ಹೇಗೆ ಸತ್ತವು ಎಂದು ಬರೆದಿರಬೇಕು.

ಪ್ರತಿದಿನ ಹಾಕಿದ ತಿಂಡಿ, ಉಳಿದ ತಿಂಡಿ ಎರಡನ್ನೂ ತೂಗಬೇಕು. ಬಹಳ ಪ್ರಬಂಧಗಳಲ್ಲಿ ಕಾಣೆಯಾಗುವ ಅಂಕಿ ಇದೇ. ಕಹಿ ಸಾರ ಕುಡಿದ ಇಲಿ ದಿನಕ್ಕೆ 18 ಗ್ರಾಂ ಬದಲು 12 ಗ್ರಾಂ ತಿಂದರೆ ಅದರ ಹೊಟ್ಟೆಗೆ ಹೋದ ಕೊಲೆಸ್ಟ್ರಾಲೇ ಮೂರರಲ್ಲಿ ಒಂದು ಪಾಲು ಕಡಿಮೆ. ಎಲೆ ಮಾಡಿದ್ದು ಏನು? ಊಟ ಬಿಡಿಸಿದ್ದು. ಸಾರ ಕುಡಿಯುವ ಗುಂಪು ತಿಂದಷ್ಟನ್ನೇ ತೂಗಿ ಹಾಕಿ ಸಾಕಿದ, ಸಾರವಿಲ್ಲದ ಇನ್ನೊಂದು ಗುಂಪು ಇದ್ದರೆ ಮಾತ್ರ ಈ ಗೊಂದಲ ಬಿಡಿಸಬಹುದು. ನಮ್ಮ ಕಡೆಯ ಬಿಸಿಲೂ ಇದೇ ಆಟ ಆಡುತ್ತದೆ. ಪ್ರಾಣಿಗೃಹದ ಶಾಖ 29 ಡಿಗ್ರಿ ಮೀರಬಾರದು. ಮೇ ತಿಂಗಳಲ್ಲಿ ಹೊರಗೆ 40 ದಾಟಿರುವಾಗ ಮಧ್ಯಾಹ್ನ ಕರೆಂಟ್ ಹೋಗಿ ಎ.ಸಿ. ನಿಂತರೆ ಇಲಿಗಳು ಪಂಜರದ ನೆಲಕ್ಕೆ ಹೊಟ್ಟೆ ಹಚ್ಚಿ ಚಪ್ಪಟೆಯಾಗಿ ಮಲಗುತ್ತವೆ, ತಿಂಡಿ ಮುಟ್ಟುವುದಿಲ್ಲ. ಸಾರದ ಗುಂಪಿನ ಪಂಜರಗಳು ಕಿಟಕಿಯ ಬದಿಯ ಸಾಲಿನಲ್ಲೇ ಇದ್ದವೆಂದರೆ ಫಲಿತಾಂಶದಲ್ಲಿ ಬಿಸಿಲಿನ ಪಾಲೆಷ್ಟು, ಎಲೆಯ ಪಾಲೆಷ್ಟು? ಚೀಟಿ ಎತ್ತಿ ಪಂಜರಗಳ ಜಾಗ ಹಂಚುವುದು, ವಾರಕ್ಕೊಮ್ಮೆ ಅದಲುಬದಲು ಮಾಡುವುದು ಖರ್ಚಿಲ್ಲದ ಪರಿಹಾರ.

ಸಾರವನ್ನು ಯಾವಾಗ ಶುರುಮಾಡಿದರು ಎಂಬುದನ್ನೂ ನೋಡಿ. ಕೊಬ್ಬಿನ ತಿಂಡಿಯ ಜೊತೆಜೊತೆಗೇ ಕೊಟ್ಟಿದ್ದರೆ ಅದು ಏರದಂತೆ ತಡೆದ ಪ್ರಯೋಗ, ಇಳಿಸಿದ ಪ್ರಯೋಗವಲ್ಲ. ಏರಿಸಿದ ಮೇಲೆ ಮಾಮೂಲಿ ತಿಂಡಿಗೆ ಮರಳಿಸಿ ಸಾರ ಕೊಟ್ಟಿದ್ದರೆ, ತಿಂಡಿ ಬದಲಾದದ್ದರಿಂದಲೇ ಕೊಲೆಸ್ಟ್ರಾಲ್ ಇಳಿಯುತ್ತದೆ.

ರಕ್ತ ಮತ್ತು ಲೆಕ್ಕ

12 ತಾಸು ಉಪವಾಸ, ಅರಿವಳಿಕೆ, ರಕ್ತ. ಹೆಪ್ಪುಗಟ್ಟಲು ಬಿಟ್ಟು 3,000 ಸುತ್ತಿನಲ್ಲಿ 15 ನಿಮಿಷ ತಿರುಗಿಸಿದರೆ ಮೇಲೆ ಸೀರಮ್. ಅದಕ್ಕೆ ಕಿಟ್‌ನ ದ್ರಾವಣ ಹಾಕಿದರೆ ಕಿಣ್ವಗಳ ಸರಣಿ ಕೊನೆಗೆ ಗುಲಾಬಿ ಬಣ್ಣ ಕೊಡುತ್ತದೆ, ಅದನ್ನು 505 ನ್ಯಾನೋಮೀಟರ್‌ನಲ್ಲಿ ಓದುತ್ತಾರೆ. ಸೀರಮ್ ಕೆಂಪಗಿದ್ದರೆ ರಕ್ತಕಣ ಒಡೆದಿವೆ, ಆ ಮಾದರಿ ಬಿಡಬೇಕು.

ಎಲ್‌ಡಿಎಲ್ ಅನ್ನು ಹೆಚ್ಚಿನವರು ಅಳೆಯುವುದಿಲ್ಲ, ಫ್ರೀಡ್‌ವಾಲ್ಡ್ ಸೂತ್ರದಿಂದ ಕಳೆಯುತ್ತಾರೆ: ಒಟ್ಟು ಕೊಲೆಸ್ಟ್ರಾಲಿನಿಂದ ಪೂರ್ತಿ ಎಚ್‌ಡಿಎಲ್, ಆಮೇಲೆ ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ. 1972ರಲ್ಲಿ ಮನುಷ್ಯರ ರಕ್ತಕ್ಕೆಂದು ಮಾಡಿದ ಸೂತ್ರ ಅದು. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ಮನುಷ್ಯರಲ್ಲೇ ಬಳಸಬಾರದು. ಟ್ರೈಟಾನ್ ಕೊಟ್ಟ ಇಲಿಯಲ್ಲಿ ಒಟ್ಟು 250, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 1,100 ಬಂತೆನ್ನಿ. 250ರಲ್ಲಿ 40 ಕಳೆದು, 220 ಕಳೆದರೆ ಎಲ್‌ಡಿಎಲ್ ಮೈನಸ್ 10. ಸೊನ್ನೆಗಿಂತ ಕೆಳಗೆ ಎಲ್‌ಡಿಎಲ್ ಇಳಿಸುವ ಔಷಧಿ ಲೋಕದಲ್ಲಿಲ್ಲ.

ಶೇಕಡಾವಾರು ಲೆಕ್ಕದಲ್ಲೂ ಕೈಚಳಕವಿದೆ. ಮಾಮೂಲಿ ಇಲಿ 70, ಕೊಬ್ಬು ತಿಂದ ಇಲಿ 210, ಸಾರ ಕುಡಿದದ್ದು 140 ಇದ್ದರೆ, 210ರಿಂದ 140ಕ್ಕೆ ಇಳಿದದ್ದು ಶೇ. 33. ‘ಏರಿದ್ದರಲ್ಲಿ ಎಷ್ಟು ಇಳಿಸಿತು’ ಎಂದು ಲೆಕ್ಕ ಹಾಕಿದರೆ, 70ರಿಂದ 210ಕ್ಕೆ ಏರಿದ 140ರಲ್ಲಿ 70, ಶೇ. 50. ಎರಡೂ ಸುಳ್ಳಲ್ಲ, ಎರಡನೆಯದು ತಲೆಬರಹಕ್ಕೆ ಚೆನ್ನ. ‘140 ± 10’ ಎಂದಿದ್ದರೆ ಆ 10 ಏನೆಂದು ಅಡಿಟಿಪ್ಪಣಿ ನೋಡಿ. ಅದು ಎಸ್‌ಇಎಂ, ಅಂದರೆ ಸರಾಸರಿಯ ಅಂದಾಜು ಎಷ್ಟು ಆಚೀಚೆ ಇರಬಹುದೆಂಬ ಅಳತೆ ಆಗಿದ್ದು, ಗುಂಪಿನಲ್ಲಿ 6 ಇಲಿ ಇದ್ದರೆ, ಇಲಿಯಿಂದ ಇಲಿಗೆ ನಿಜವಾದ ಹರವು ಸುಮಾರು 24.

ಇಲಿಯಿಂದ ನಮ್ಮ ತಟ್ಟೆಗೆ

ಕಿಲೋಗೆ 400 ಮಿಲಿಗ್ರಾಂ ಎಂಬುದನ್ನು 60 ಕಿಲೋ ಮನುಷ್ಯನಿಗೆ ನೇರ ಗುಣಿಸಿದರೆ ದಿನಕ್ಕೆ 24 ಗ್ರಾಂ ಸಾರ. ಇದು ತಪ್ಪು ಲೆಕ್ಕ. ಚಿಕ್ಕ ಪ್ರಾಣಿ ಔಷಧಿಯನ್ನು ಬೇಗ ಖರ್ಚು ಮಾಡುತ್ತದೆ. ಹಾಗಾಗಿ ಇಲಿಯ ಡೋಸನ್ನು 6ರಿಂದ ಗುಣಿಸಿ 37ರಿಂದ ಭಾಗಿಸುವ ರೂಢಿ: ಕಿಲೋಗೆ ಸುಮಾರು 65 ಮಿಲಿಗ್ರಾಂ, 60 ಕಿಲೋಗೆ 3.9 ಗ್ರಾಂ ಸಾರ. ಇಳುವರಿ ಶೇ. 12 ಇತ್ತಲ್ಲ, ಅಷ್ಟು ಸಾರಕ್ಕೆ ಒಣ ಎಲೆ 32 ಗ್ರಾಂ. ನುಗ್ಗೆಯಾದರೆ ಹಸಿ ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಕಡ್ಡಿ ಬಿಡಿಸಿದ ಸೊಪ್ಪು 130ರಿಂದ 150 ಗ್ರಾಂ, ದಿನಾ, ವಾರಗಟ್ಟಲೆ. ಜೋಳದ ರೊಟ್ಟಿ ಜೊತೆ ನುಗ್ಗೆ ಸೊಪ್ಪಿನ ಪಲ್ಯ ತಿನ್ನಲು ಇಷ್ಟೆಲ್ಲ ಲೆಕ್ಕ ಬೇಕಿಲ್ಲ, ಅದು ಒಳ್ಳೆಯ ಊಟ. ಆದರೆ ಎಥನಾಲ್‌ನಲ್ಲಿ ಎಳೆದ ಸಾರದ ಕ್ಯಾಪ್ಸೂಲ್ ಊಟವಲ್ಲ. ಹಸಿರು ಚಹಾ ಲೋಟದಲ್ಲಿ ನಿರಪಾಯ, ಅದರದೇ ಸಾರದಿಂದ ಇಜಿಸಿಜಿ ಎಂಬ ಚಹಾದ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಡಾಕ್ಟರು ಬರೆದ ಸ್ಟಾಟಿನ್ ನಿಲ್ಲಿಸಿ ಇಂಥ ಕ್ಯಾಪ್ಸೂಲಿಗೆ ಬದಲಾಗುವುದು ಅಪಾಯ. ಎರಡನ್ನೂ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು.

ಪ್ರಾಣಿಯಿಂದ ಮನುಷ್ಯನವರೆಗಿನ ಪೂರ್ತಿ ದಾರಿ ನಡೆದ ಭಾರತದ ಸಸ್ಯವೊಂದಿದೆ, ಗುಗ್ಗುಳ. ಅದು ಎಲೆಯಲ್ಲ, ಗೋಂದು. ಆದರೂ ಇಲ್ಲಿ ಹೇಳಲೇಬೇಕು. 1966ರಲ್ಲಿ ಜಿ.ವಿ. ಸತ್ಯವತಿಯವರು ಬನಾರಸಿನಲ್ಲಿ ಮೊಲಗಳ ಮೇಲೆ ನಡೆಸಿದ ಕೆಲಸದಿಂದ ಶುರುವಾಗಿ, 1987ರಲ್ಲಿ ಗುಗ್ಗುಲಿಪಿಡ್ ನಮ್ಮಲ್ಲಿ ಔಷಧಿಯಾಗಿ ಮಾರುಕಟ್ಟೆಗೆ ಬಂತು. 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ 8 ವಾರ ಪರೀಕ್ಷೆ ನಡೆಯಿತು. ಯಾರಿಗೆ ಗುಗ್ಗುಲಿಪಿಡ್, ಯಾರಿಗೆ ಔಷಧಿಯಿಲ್ಲದ ಬರೀ ಮಾತ್ರೆ ಎಂದು ಯಾರಿಗೂ ಗೊತ್ತಿಲ್ಲದಂತೆ ಹಂಚಿದ್ದರು. ಬರೀ ಮಾತ್ರೆ ತಿಂದವರ ಎಲ್‌ಡಿಎಲ್ ಶೇ. 5 ಇಳಿಯಿತು. ಗುಗ್ಗುಲಿಪಿಡ್ ತಿಂದವರದು ಶೇ. 4–5 ಏರಿತು, ಅವರಲ್ಲಿ 6 ಮಂದಿಗೆ ಮೈಮೇಲೆ ದದ್ದು ಎದ್ದವು.